ನಾಲ್ಕನೆಯ ಕಪ್ಲರ್

“ಸಂಬಂಧ?” ಎಂದು ಗುಮಾಸ್ತ ಎರಡನೆಯ ಸಲ ಕೇಳಿದ. ಅನಸೂಯಳ ಪೆನ್ನು ಅರ್ಜಿಯ ಆ ಗೆರೆಯ ಮೇಲೆಯೇ ನಿಂತಿತ್ತು.

“ನಾನು ಅವರ ಗಿರಾಕಿ,” ಎಂದಳು.

“ಗಿರಾಕಿನಾ? ಮೇಡಂ, ಬಾಡಿ ಕೊಡ್ಬೇಕಂದ್ರೆ ಮನೆಯವ್ರೇ ಸೈನ್ ಹಾಕ್ಬೇಕು. ಹೆಂಡ್ತಿ, ಮಕ್ಳು, ಯಾರೂ ಇಲ್ವಾ?”

“ಗೊತ್ತಿಲ್ಲ. ಎರಡು ತಿಂಗಳ ಪರಿಚಯ ಅಷ್ಟೇ.”

“ಮತ್ತೆ ಜೇಬಲ್ಲಿ ನಿಮ್ಮೊಬ್ರ ನಂಬರೇ ಇತ್ತಲ್ಲ!”

ಹಿಂದಿನ ದಿನ, ಬುಧವಾರ, ಹೊಸಕೋಟೆಗೆ ಹೋಗುವ ಬಸ್ಸಿನಲ್ಲಿ ಖಾದರ್ ಎದೆ ಹಿಡಿದುಕೊಂಡು ಪಕ್ಕದವರ ಮೇಲೆ ವಾಲಿದ್ದ. ಬಸ್ಸು ಆಗಷ್ಟೇ ಕೆ.ಆರ್. ಪುರ ದಾಟಿತ್ತು. ಕಂಡಕ್ಟರ್ ಅವನನ್ನು ಆಸ್ಪತ್ರೆಗೆ ಸೇರಿಸಿ, ಅವನ ಚೀಲವನ್ನೂ ಒಪ್ಪಿಸಿ ಹೋಗಿದ್ದ. ಮೊಬೈಲು ಸತ್ತುಹೋಗಿತ್ತು. ಈ ದಿನ ಬೆಳಗಿನ ಜಾವ ಉಸಿರು ನಿಂತ ಮೇಲೆ ಬಟ್ಟೆ ಮಡಚುತ್ತಿದ್ದ ನರ್ಸಿನ ಕೈಗೆ ಚೀಟಿಯೊಂದು ಸಿಕ್ಕಿತು. ಅನಸೂಯಳೇ ಬರೆದುಕೊಟ್ಟ ಚೀಟಿ ಅದು: ಹೊಸಕೋಟೆಯಾಚೆಗಿನ ಅವಳ ತೋಟಕ್ಕೆ ಹೋಗುವ ದಾರಿ, ಕೆಳಗೆ ಅವಳ ಫೋನ್ ನಂಬರು.

ಬುಧವಾರ ಅವನು ಬರುತ್ತಾನೆಂದು ಅವಳು ತೋಟದ ಶೆಡ್ಡಿನಲ್ಲಿ ಇಬ್ಬರಿಗೆಂದು ಅನ್ನ, ಹುರುಳಿಕಾಯಿ ಪಲ್ಯ, ತಿಳಿಸಾರು ಮಾಡಿಟ್ಟು ಮೂರು ಗಂಟೆಯವರೆಗೂ ಕಾದಿದ್ದಳು. ಬರದಿದ್ದರೆ ಒಂದು ಫೋನಾದರೂ ಮಾಡಬಾರದೇ ಎಂದು ಸಿಟ್ಟೂ ಬಂದಿತ್ತು.

ಅರ್ಜಿಯನ್ನು ಹಿಂದಕ್ಕೆ ತಳ್ಳಿ ಅವಳು ಫಹೀಮನಿಗೆ ಫೋನ್ ಮಾಡಿದಳು. ಶಿವಾಜಿನಗರದಲ್ಲಿ ಖಾದರನ ಹಳೆಯ ಬಿಡಿಭಾಗಗಳ ಅಂಗಡಿಯ ಪಕ್ಕದಲ್ಲೇ ಬೇರಿಂಗ್ ಅಂಗಡಿ ಇಟ್ಟಿದ್ದವನು ಅವನು. ಒಂದು ಗಂಟೆಯಲ್ಲಿ ಫಹೀಮ್ ಬಂದ. ಜೊತೆಗೆ ಕಪ್ಪು ಬುರ್ಖಾ ತೊಟ್ಟ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳಿದ್ದಳು.

“ಫಹ್ಮಿದಾ ಅಂತ, ಮೇಡಂ. ಖಾದರ್ ಭಾಯ್ ತಂಗಿ ಮಗಳು. ಇಲ್ಲೇ ಕೆ.ಆರ್. ಪುರದಲ್ಲಿ ಇರೋದು.”

ಗುಮಾಸ್ತ ಮತ್ತೆ “ಸಂಬಂಧ?” ಎಂದ. ಫಹ್ಮಿದಾ ಪೆನ್ನು ತೆಗೆದುಕೊಂಡು, “ಮಗಳು ಅಂತ ಬರ್ಕೊಳ್ಳಿ,” ಎಂದಳು.

* * *

ಅನಸೂಯ ಮೊದಲ ಸಲ ಖಾದರನ ಅಂಗಡಿಗೆ ಹೋದದ್ದೂ ಒಂದು ಗುರುವಾರವೇ. ಅವಳ ಗಂಡ ಸುದರ್ಶನ್ ಸಾಯುವುದಕ್ಕೆ ಒಂದು ವರ್ಷ ಮುಂಚೆ ಒಂದು ಪುಟ್ಟ ಟ್ರಾಕ್ಟರ್ ಕೊಂಡಿದ್ದ. ವಿದೇಶದಿಂದ ಬಂದ ಹಳೆಯ ಗಾಡಿ, ಮುಂದುಗಡೆ ಮಣ್ಣೆತ್ತುವ ಬಕೆಟ್. ಬಕೆಟ್ಟಿಗೆ ಎಣ್ಣೆ ಸಾಗಿಸುವ ಪೈಪುಗಳು ನಾಲ್ಕು. ಒಂದೊಂದರ ತುದಿಗೂ ಒಂದು ಕಪ್ಲರ್. ಒತ್ತಿದರೆ ಟಕ್ಕೆಂದು ಕೂರಬೇಕು, ಮೇಲಿನ ಉಂಗುರ ಎಳೆದರೆ ಬಿಟ್ಟುಕೊಳ್ಳಬೇಕು. ಡ್ರೈವರ್ ಗಾಡಿಯನ್ನು ತಿರುಗಿಸುವಾಗ ಅದರಲ್ಲೊಂದು ಗೋಡೆಗೆ ತಾಗಿ ಒಡೆದಿತ್ತು. ಅಂದಿನಿಂದ ಬಕೆಟ್ ಗಾಳಿಯಲ್ಲಿ ಎತ್ತಿದ ಹಾಗೇ ನಿಂತುಬಿಟ್ಟಿತ್ತು.

ವಿಮೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದ್ದ ಅನಸೂಯಳಿಗೆ ಈ ಸಾಮಾನುಗಳ ಹೆಸರು ಕೂಡ ಗೊತ್ತಿರಲಿಲ್ಲ. ಒಡೆದ ತುಂಡನ್ನೂ ಅದರ ಜೋಡಿಯನ್ನೂ ಊಟದ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿದ್ದಳು.

“ಒಳಗೆ ಕೂರೋ ಮೇಲ್ ಚೆನ್ನಾಗಿದೆ. ಅದನ್ನ ಹಿಡ್ಕೊಳ್ಳೋ ಫೀಮೇಲ್ ಹೋಗಿದೆ,” ಎಂದ ಖಾದರ್. ಅರವತ್ತೆಂಟರ ತೆಳ್ಳನೆಯ ಮನುಷ್ಯ. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದ. ತಗಡಿನ ಡಬ್ಬ ಸುರುವಿ ಏಳೆಂಟು ಕಪ್ಲರ್ ಕೂರಿಸಿ ನೋಡಿದ. ಒಂದಷ್ಟು ಒಳಗೇ ಹೋಗಲಿಲ್ಲ, ಒಂದಷ್ಟು ಹೋಗಿ ಜಾರಿ ಬಂದವು. ಕೊನೆಗೊಂದು ಟಕ್ಕೆಂದಿತು.

“ಸಿಕ್ತಲ್ಲ!” ಎಂದಳು ಅನಸೂಯ.

ಅವನು ಒಂದು ತುದಿಗೆ ಬಾಯಿಟ್ಟು ಊದಿ ತಲೆಯಾಡಿಸಿದ. “ಕೂತ್ಕೊಳ್ತು. ಆದ್ರೆ ಒಳಗಡೆ ವಾಲ್ವ್ ತೆರ್ಕೊಳ್ಲಿಲ್ಲ. ಇದ್ರಲ್ಲಿ ಎಣ್ಣೆ ಹೋಗಲ್ಲ ಮೇಡಂ.”

“ನಾಲ್ಕೂ ಬದಲಾಯ್ಸಿ ಹೊಸದು ಹಾಕ್ಸಿ ಅಂತಾರಲ್ಲ, ಬೇರೆ ಕಡೆ?”

“ಅದು ಸುಲಭ. ನಾನೂ ಹಾಕ್ಕೊಡ್ತೀನಿ, ಅರ್ಧ ಗಂಟೆ ಕೆಲ್ಸ. ಆದ್ರೆ ಮೂರು ಗಟ್ಟಿಯಾಗಿವೆ. ಒಂದು ಹೋಯ್ತು ಅಂತ ಮೂರನ್ನ ಎಸೆಯೋದಾ? ಹುಡುಕ್ತೀನಿ. ಮುಂದಿನ ಗುರುವಾರ ಬನ್ನಿ.”

ಮುಂದಿನ ಗುರುವಾರ ಸಿಕ್ಕಿರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಆದರೆ ಅಷ್ಟರಲ್ಲಿ ಅವಳಿಗಾಗಿ ಸಕ್ಕರೆ ಕಮ್ಮಿ ಹಾಕಿದ ಚಹಾ ಬರತೊಡಗಿತ್ತು. ಇವಳು ಸುದರ್ಶನನ ಬಗ್ಗೆ ಮಾತಾಡುತ್ತಿದ್ದಳು. ಮನೆಗೆ ಬಂದವರೆಲ್ಲ ಬೇಗ ಮಾತು ಬದಲಿಸುತ್ತಿದ್ದ ವಿಷಯ ಅದು. ಖಾದರ್ ಪೈಪಿನ ತುದಿಗೆ ಬಟ್ಟೆ ಸುತ್ತುತ್ತಾ ಕೇಳುತ್ತಿದ್ದ. ಮಧ್ಯೆ ಎದ್ದು ಹೋಗುತ್ತಿರಲಿಲ್ಲ.

* * *

ಮಸೀದಿಯಲ್ಲಿ ಸ್ನಾನ ಮುಗಿಸಿ ದೇಹವನ್ನು ಅಂಗಡಿಗೇ ತಂದರು. ಖಾದರ್ ವಾಸವಿದ್ದುದು ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ. ಏಣಿಯಂಥ ಆ ಮೆಟ್ಟಿಲಿನಲ್ಲಿ ಹೆಣ ಏರಿಸುವುದು ಸಾಧ್ಯವಿರಲಿಲ್ಲ. ಶಟರ್ ಎತ್ತಿ, ಕಬ್ಬಿಣದ ಸಾಮಾನನ್ನೆಲ್ಲ ಗೋಡೆಗೆ ಸರಿಸಿ, ನಡುವೆ ಮಲಗಿಸಿದರು. ಬಿಳಿಯ ಬಟ್ಟೆಯ ಮೇಲೆ, ಮೊಳೆಗಳಲ್ಲಿ ತೂಗುಬಿದ್ದ ಕರಿ ಪೈಪುಗಳ ನೆರಳು ಬಿದ್ದಿತ್ತು.

ಬಂದವರು ಹದಿನೈದು ಜನರಿರಬಹುದು, ಎಲ್ಲ ಅದೇ ಗಲ್ಲಿಯ ಅಂಗಡಿಯವರು. ಫಹ್ಮಿದಾ ಮತ್ತು ಅನಸೂಯ ಮೇಲಿನ ಕೋಣೆಯಲ್ಲಿ ಕುಳಿತರು. ಗಂಡಸರು ಮಧ್ಯಾಹ್ನದ ಜೋಹರ್ ನಮಾಜಿಗೆ ಕಾಯುತ್ತಿದ್ದರು.

ಫಹೀಮ್ ನೀರಿನ ಬಾಟಲಿ ಹಿಡಿದು ಮೇಲೆ ಬಂದ. ಅನಸೂಯ ಆಸ್ಪತ್ರೆಯಿಂದ ತಂದ ಚೀಲವನ್ನು ಅವನ ಮುಂದಿಟ್ಟಳು. ಎರಡು ಸ್ಪ್ಯಾನರ್, ಬಿಳಿ ಟೇಪಿನ ಸುರುಳಿ, ಎಣ್ಣೆ ಒರೆಸುವ ಹತ್ತಿಯ ವೇಸ್ಟು, ಬಟ್ಟೆಯಲ್ಲಿ ಸುತ್ತಿದ ಒಂದು ಕಪ್ಲರ್.

“ಕೊನೆಗೂ ಸಿಕ್ಕಿತ್ತು ಅಂತ ಕಾಣುತ್ತೆ,” ಎಂದಳು. “ಬುಧವಾರ ಬಂದು ಗಾಡಿ ನೋಡ್ತೀನಿ ಅಂದಿದ್ರು. ಸಿಕ್ಕಿದೆ ಅಂತ ಹೇಳಿರ್ಲಿಲ್ಲ.”

ಫಹೀಮ್ ಬಟ್ಟೆ ಬಿಚ್ಚಿ ನೋಡಿದ. ಹೇಳುವುದೋ ಬೇಡವೋ ಎಂಬಂತೆ ಫಹ್ಮಿದಾಳ ಕಡೆ ತಿರುಗಿ, ಮತ್ತೆ ಇವಳ ಕಡೆ ತಿರುಗಿದ.

“ಇದು ಸಿಕ್ಕಿ ಐದು ವಾರ ಆಯ್ತು ಮೇಡಂ.”

“ಐದು ವಾರ?”

“ದೊಡ್ಡನೆಕ್ಕುಂದೀಲಿ ಯಾವ್ದೋ ಹಳೇ ಮಿಷಿನ್ ಒಡೀತಿದ್ರು, ಅಲ್ಲಿಂದ ಬಿಚ್ಕೊಂಡು ಬಂದ್ರು. ಗುರುವಾರ ಬಂತು ಅಂದ್ರೆ ನನ್ನ ಅಂಗಡೀಲಿ ತಂದಿಡೋರು, ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂತ. ನಾನು ಒಂದಿನ ಕೇಳ್ದೆ, ಯಾಕ್ ಭಾಯ್, ಕೊಟ್ಬಿಡಿ ಅಂತ. ‘ಕೊಡ್ತೀನಿ ಇರು, ಎಲ್ಲಿಗೆ ಹೋಗುತ್ತೆ’ ಅಂದ್ರು.” ಅವನ ದನಿ ತಗ್ಗಿತು. “ತಪ್ಪು ತಿಳ್ಕೋಬೇಡಿ. ಈ ಗಲ್ಲಿಗೆ ಬರೋರೆಲ್ಲ ನಿಂತ್ಕೊಂಡೇ ಮಾತಾಡಿ ಹೋಗ್ತಾರೆ. ಕೂತ್ಕೊಳ್ಳೋರು ನೀವೊಬ್ರೇ.”

ಅನಸೂಯ ಕಪ್ಲರನ್ನು ಕೈಗೆ ತೆಗೆದುಕೊಂಡಳು. ಖಾದರ್ ಅದನ್ನು ಒರೆಸಿ, ತೆಳ್ಳಗೆ ಎಣ್ಣೆ ಸವರಿ ಇಟ್ಟಿದ್ದ.

* * *

ಅನಸೂಯಳೂ ಖಾದರನಿಗೆ ಒಂದು ಮಾತು ಹೇಳಿರಲಿಲ್ಲ. ಮೂರನೆಯ ವಾರ ಹಲಸೂರಿನ ಅಂಗಡಿಯೊಂದರಲ್ಲಿ, “ನಾಲ್ಕೂ ಹೊಸದಿದೆ, ನಾಳೆ ಬೆಳಿಗ್ಗೆನೇ ಮೆಕ್ಯಾನಿಕ್ ಕಳಿಸ್ತೀವಿ,” ಎಂದಿದ್ದರು. ಅವಳು ಯೋಚನೆ ಮಾಡಿ ಹೇಳುತ್ತೇನೆ ಎಂದು ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಗುರುವಾರ ಖಾದರ್ ಬೇರೆ ಕಡೆ ವಿಚಾರಿಸಿದಿರಾ ಎಂದು ಕೇಳಿದಾಗ, “ಎಲ್ಲೂ ಸಿಗ್ತಿಲ್ಲ ಖಾದರ್ ಭಾಯ್,” ಎಂದಿದ್ದಳು.

ಹೋದ ವಾರ ಮಾತಿನ ನಡುವೆ, ತೋಟದ ಕಾಲುವೆಗೆ ಮಣ್ಣು ಕುಸಿದಿದೆ, ಬಕೆಟ್ ನಡೆಯದೆ ತೆಗೆಸಲಾಗಿಲ್ಲ, ನೀರು ನಿಂತು ಎರಡು ಸಾಲು ಸೀಬೆ ಗಿಡ ಕೊಳೆತವು ಎಂದು ಹೇಳಿಬಿಟ್ಟಿದ್ದಳು. ಸುದರ್ಶನ್ ಕೈಯಾರೆ ನೆಟ್ಟ ಗಿಡಗಳವು. ಖಾದರನ ಕೈ ಅಲ್ಲೇ ನಿಂತಿತು.

“ಇದನ್ನ ಮೊದ್ಲೇ ಹೇಳ್ಬಾರ್ದಾ ಮೇಡಂ?” ಎಂದ. ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟು, “ಬುಧವಾರ ನಾನೇ ಬರ್ತೀನಿ. ದಾರಿ ಬರ್ಕೊಡಿ,” ಎಂದ.

ಅವಳು ಬರೆದುಕೊಟ್ಟಳು. ಅವನು ಚೀಟಿ ಮಡಚುತ್ತಾ ಹೇಳಿದ: “ಗಾಡಿ ರೆಡಿಯಾಗ್ಬಿಟ್ರೆ ಆಮೇಲೆ ನಿಮಗೆ ಈ ಕಡೆ ಕೆಲ್ಸ ಇರಲ್ಲ.”

“ಹಳೇ ಟ್ರಾಕ್ಟರ್ ಅಲ್ವಾ,” ಎಂದಿದ್ದಳು ಅನಸೂಯ. “ಒಂದಲ್ಲ ಒಂದು ಕೆಡ್ತಾನೇ ಇರುತ್ತೆ.”

ಅವನು ನಕ್ಕದ್ದನ್ನು ಅವಳು ಕಂಡದ್ದು ಅದೊಂದೇ ಸಲ.

* * *

ಹೆಂಗಸರಿಬ್ಬರೂ ಕೆಳಗಿಳಿದು ಕೊನೆಯ ಸಲ ಮುಖ ನೋಡಿ ಬಂದರು. ನಾಲ್ವರು ಹೆಗಲು ಕೊಟ್ಟರು. ಕಲಿಮಾ ಹೇಳುವ ದನಿಗಳು ಗಲ್ಲಿಯ ತಿರುವಿನವರೆಗೆ ಕೇಳಿಸಿದವು. ಆಮೇಲೆ ಆಟೋಗಳ ಹಾರ್ನ್ ಮಾತ್ರ. ಖಬರಸ್ತಾನಕ್ಕೆ ಹೆಂಗಸರು ಹೋಗುವಂತಿರಲಿಲ್ಲ.

ಮೇಲಿನ ಕೋಣೆಯಲ್ಲಿ ಫಹ್ಮಿದಾ ಮುಸುಕು ಹಿಂದಕ್ಕೆ ಹಾಕಿ ಗೋಡೆಗೊರಗಿದಳು.

“ಅಮ್ಮಿ ಹೋದಾಗ ನನಗೆ ಆರು ವರ್ಷ ಆಂಟಿ. ಮಾಮು ಇಲ್ಲೇ ಸಾಕಿದ್ರು, ಅಂಗಡಿ ಸಾಮಾನೇ ನನ್ನ ಆಟದ ಸಾಮಾನು. ಅವ್ರು ಮದುವೇನೂ ಆಗ್ಲಿಲ್ಲ.” ಕೈ ನೋಡಿಕೊಂಡಳು. “ಎರಡು ವರ್ಷದಿಂದ ನಾನು ಬಂದಿಲ್ಲ.”

“ಜಗಳವಾ?”

“ಜಗಳ ಆಗಿದ್ರೆ ಸರಿ ಮಾಡ್ಕೋಬಹುದಿತ್ತು. ಈದ್ ದಿನ ನಮ್ಮ ಮನೆಗೆ ಬಂದಿದ್ರು. ನಮ್ಮತ್ತೆ ಸೋಫಾ ಮೇಲೆ ಪೇಪರ್ ಹಾಸಿದ್ರು, ಮಾಮು ಬಟ್ಟೇಲಿ ಆಯಿಲ್ ಇರುತ್ತೆ ಅಂತ. ಅವತ್ತು ಹೊಸಾ ಜುಬ್ಬಾ ಹಾಕ್ಕೊಂಡಿದ್ರು ಆಂಟಿ. ಬಟನ್ ಹತ್ರ ಅಂಗಡಿ ಚೀಟಿ ಕೂಡ ಹಾಗೇ ಇತ್ತು. ನಾನು ನೋಡ್ತಾ ನಿಂತಿದ್ದೆ. ಪೇಪರ್ ತೆಗೀರಿ ಅನ್ಲಿಲ್ಲ.”

“ಅವರು ಕೂತ್ಕೊಂಡ್ರಾ?”

“ಕೂತ್ರು. ಚಾ ಕುಡಿದು, ಆ ಪೇಪರನ್ನ ಮಡಚಿ ಟೀಪಾಯಿ ಮೇಲಿಟ್ಟು ಹೋದ್ರು. ಆಮೇಲೆ ಬರ್ಲಿಲ್ಲ. ನನಗೂ ಮುಖ ಇರ್ಲಿಲ್ಲ.” ಅವಳು ಕಣ್ಣೊರೆಸಿಕೊಂಡಳು. “ನಿನ್ನೆ ಬಸ್ಸು ನಮ್ಮ ಸ್ಟಾಪಲ್ಲೇ ನಿಂತು ಹೋಗಿರುತ್ತೆ. ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?”

ಅನಸೂಯ ನೆನಪಿಸಿಕೊಂಡಳು. ಇನ್ನಷ್ಟು ಸೇರಿಸಿ ಹೇಳಬಹುದಿತ್ತು. ಆ ಹುಡುಗಿಯ ಮುಖ ನೋಡಿದ ಮೇಲೆ ಆಗಲಿಲ್ಲ.

“ಒಂದು ಸಲ. ‘ಮನೇಲಿ ಒಂದು ಹುಡುಗಿ ಇತ್ತು, ಈಗ ಸುಖವಾಗಿದ್ದಾಳೆ’ ಅಂದ್ರು.”

“ಅಷ್ಟೇನಾ?”

“ಅಷ್ಟೇ.”

ಫಹ್ಮಿದಾ ಸದ್ದಿಲ್ಲದೆ ಅತ್ತಳು. ಅನಸೂಯ ಸರಿದು ಅವಳ ಪಕ್ಕಕ್ಕೆ ಬಂದು ಕುಳಿತಳು.

ಸ್ವಲ್ಪ ಹೊತ್ತಿನ ಮೇಲೆ ಕೆಳಗಿಂದ ಯಾರೋ ಕೂಗಿದರು. ಇಬ್ಬರೂ ಇಳಿದು ಬಂದರು. ತೆರೆದ ಅಂಗಡಿಯ ಹೊಸ್ತಿಲಲ್ಲಿ ಮೂವರು ಕುಳಿತಿದ್ದರು, ಒಬ್ಬೊಬ್ಬರ ಕೈಯಲ್ಲೂ ಎಣ್ಣೆ ಹಿಡಿದ ಬಟ್ಟೆಯ ಗಂಟು. ಮಣ್ಣು ಮೆತ್ತಿದ ಚಪ್ಪಲಿಯ ನಡುವಯಸ್ಸಿನವನೊಬ್ಬ ಎದ್ದು ನಿಂತ.

“ಭಾಯ್ ನಮಾಜ್‌ಗೆ ಹೋಗವ್ರಾ? ಮಾಲೂರಿಂದ ಬಂದಿದೀನಿ. ಲೇಟಾದ್ರೂ ಪರ್ವಾಗಿಲ್ಲ, ಕಾಯ್ತೀನಿ. ಬೇರೆ ಯಾರ ಹತ್ರಾನೂ ಇದರ ಜೋಡಿ ಸಿಕ್ತಿಲ್ಲ.”

ಅನಸೂಯ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಫಹ್ಮಿದಾ ಕೈ ಚಾಚಿದ್ದಳು. ಅವನು ಅನುಮಾನಿಸುತ್ತಾ ಗಂಟು ಬಿಚ್ಚಿ ತುಂಡನ್ನು ಕೊಟ್ಟ. ಅವಳು ಬುರ್ಖಾದ ತೋಳು ಮೇಲೆ ಸರಿಸಿ, ಮದರಂಗಿ ಮಾಸಿದ ಕಿರುಬೆರಳನ್ನು ಅದರ ತೂತಿಗೆ ತೂರಿಸಿ, ಕಣ್ಣು ಮುಚ್ಚಿ ಒಂದು ಸುತ್ತು ತಿರುಗಿಸಿದಳು. ಎಣ್ಣೆ ಅವಳ ಮಣಿಕಟ್ಟಿನವರೆಗೆ ಇಳಿಯಿತು.

“ತ್ರೀ ಬೈ ಏಟ್ ಸೈಜು,” ಎಂದಳು.

ಹೇಳಿದವಳು, ಬೆರಳನ್ನು ಅದರಲ್ಲೇ ಬಿಟ್ಟುಕೊಂಡು, ಸರಿಯಾ ಎಂದು ಕೇಳುವವಳ ಹಾಗೆ ಅಂಗಡಿಯ ಒಳಗಡೆ ತಿರುಗಿ ನೋಡಿದಳು.