ದೊಡ್ಡದಾಗಿ ಬರಿ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷಕ್ಕೆ ಕಲಬುರ್ಗಿಯ ಅಂಗಡಿ ಬೋರ್ಡುಗಳು ಒಂದೊಂದಾಗಿ ಉರ್ದುವಿನಿಂದ ಕನ್ನಡಕ್ಕೆ ತಿರುಗತೊಡಗಿದವು. ಕಮಲಾಪುರದ ಮಾಪಣ್ಣನಿಗೆ ಕೈತುಂಬ ಕೆಲಸ ಸಿಗಬೇಕಿತ್ತು. ಕುಂಚ ಹಿಡಿದರೆ ಅವನ ಸಮ ಯಾರೂ ಇರಲಿಲ್ಲ. ಆದರೆ ಪಾಪ, ಓದು ಮಾತ್ರ ಬರುತ್ತಿರಲಿಲ್ಲ. ಉರ್ದುವೂ ಇಲ್ಲ, ಕನ್ನಡವೂ ಇಲ್ಲ. ಚೀಟಿಯಲ್ಲಿದ್ದದ್ದನ್ನು ಚಿತ್ರ ಬಿಡಿಸಿದಂತೆ ಬಿಡಿಸುತ್ತಿದ್ದ, ಅದೂ ಉರ್ದು ಬೋರ್ಡು ಬರೆಯುತ್ತಿದ್ದ ಉಸ್ತಾದರು ಕಲಿಸಿದ ರೂಢಿಯಂತೆ ಬಲದಿಂದ ಎಡಕ್ಕೆ.

ಸ್ಟೇಶನ್ ಬಜಾರದ ಕಿರಾಣಿ ದತ್ತಪ್ಪ ಚೀಟಿ ಕೊಡುವಾಗ ಕೊನೆಗೆ 'ದೊಡ್ಡದಾಗಿ ಬರಿ' ಎಂದು ಗೀಚಿದ್ದ. ಮಾಪಣ್ಣ ಅದನ್ನೂ ಬಿಡಲಿಲ್ಲ. 'ದತ್ತಪ್ಪ ಕಿರಾಣಿ ಅಂಗಡಿ, ದೊಡ್ಡದಾಗಿ ಬರಿ' ಎಂದು ಬೋರ್ಡು ಎದ್ದು ನಿಂತಿತು. ಬಜಾರಕ್ಕೆ ಬಜಾರವೇ ಬಿದ್ದು ಬಿದ್ದು ನಕ್ಕಿತು. "ಏನೋ ದೊಡ್ಡದಾಗಿ ಬರಿ" ಎಂದೇ ಅವನನ್ನು ಕರೆಯತೊಡಗಿದರು. ಕೆಲಸವೂ ನಿಂತಿತು. ಓದು ಕಲಿಯದೆ ಇನ್ನು ಕುಂಚ ಹಿಡಿದು ಉಪಯೋಗವಿಲ್ಲ ಎಂದು ಮಾಪಣ್ಣನಿಗೆ ಖಾತ್ರಿಯಾಯಿತು.

ಕಲಬುರ್ಗಿಯ ಐವಾನ್-ಎ-ಶಾಹಿ ಕಡೆ ಹೊಸದಾಗಿ ಕಸಬಿನ ಶಾಲೆ ತೆರೆದಿತ್ತು. ದುಡಿಯುವ ದೊಡ್ಡವರಿಗೆ ಬಡಗಿತನ, ಹೊಲಿಗೆ, ಜೊತೆಗೆ ಓದುಬರಹ. ಸೇರಲು ಬಂದ ಮಾಪಣ್ಣನನ್ನು ಗುಮಾಸ್ತ ಪಾಂಡುರಂಗರಾಯರು ತಲೆ ಎತ್ತದೆ ಕೇಳಿದರು:

"ಎಷ್ಟನೇ ಈಯತ್ತೆ ಪಾಸು?"

"ಸಾಲಿ ಮೆಟ್ಟಲಾನೇ ಹತ್ತಿಲ್ರೀ."

"ಹಂಗಾದ್ರ ನಿನಗ ಇಲ್ಲಿ ಜಾಗಾ ಇಲ್ಲ. ಬೋರ್ಡ್ ಬರೀತೀಯಂತಲ್ಲ? ಇದನ್ನ ಬರ್ದು ನಿಮ್ಮೂರ ಬಸ್ ನಿಲ್ಲೋ ಕಡೆ ಹಾಕು."

ರಾಯರು ಮುಂದೆ ತಳ್ಳಿದ ಚೀಟಿ ಶಾಲೆಯ ಮುಖ್ಯ ಗುರು ಜಾನಕೀಬಾಯಿಯವರದು. ಸಹಿ ಕಂಡರೆ ಸಾಕು, ಒಳಗೇನಿದೆ ಎಂದು ನೋಡುವ ಚಟ ರಾಯರಿಗಿರಲಿಲ್ಲ.

"ಎಲ್ಲಾ ಸಾಲು ಬರೀಬೇಕೇನ್ರೀ?" ಮಾಪಣ್ಣ ಹುಷಾರಾಗಿ ಕೇಳಿದ.

"ಎಲ್ಲಾ."

ಎರಡು ದಿನಕ್ಕೆ ಬೋರ್ಡು ಕಮಲಾಪುರದ ಬೇವಿನ ಮರಕ್ಕೇರಿತು. ಕೆಳಗೆ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಚಾಂದಬಿ ನಾಲ್ಕಕ್ಷರ ಬಲ್ಲವಳು. ಕಣ್ಣು ಕಿರಿದು ಮಾಡಿ ಓದಿದಳು: "ಕಸಬಿನ ಶಾಲೆ. ಓದು ಬಾರದವರಿಗೂ ಪ್ರವೇಶವಿದೆ."

"ಇನ್ನೊಮ್ಮೆ ಓದವ್ವಾ."

ಅವಳು ಓದಿದಳು. ಮಾಪಣ್ಣನಿಗೆ ಸಿಟ್ಟು ನೆತ್ತಿಗೇರಿತು, ಹಿಂದೆಯೇ ಅಳುವೂ ಬಂತು. ತನಗೆಂದೇ ಇದ್ದ ಮಾತನ್ನು ತನ್ನ ಕೈಯಾರೆ ಬರೆದೂ ತಿಳಿಯಲಿಲ್ಲವಲ್ಲ! ಮೊಳೆ ಕಿತ್ತು, ಬೋರ್ಡು ತಲೆಯ ಮೇಲಿಟ್ಟುಕೊಂಡು, ಆಗ ಬಂದ ಕಲಬುರ್ಗಿ ಬಸ್ಸನ್ನೇ ಹತ್ತಿದ.

ರಾಯರ ಮೇಜಿನ ಮೇಲೆ ಅದನ್ನು ಇಟ್ಟು, "ಓದ್ರೀ" ಎಂದ.

ರಾಯರು ಓದಿದರು. ಮುಖ ಸಣ್ಣದಾಯಿತು. ಓದು ಬಾರದವನು ಒಬ್ಬ, ಬಂದೂ ಓದದವರು ಇನ್ನೊಬ್ಬರು.

"ಇದನ್ನ ಅವತ್ತ ಹೇಳಬಾರದಾಗಿತ್ತೇನೋ?"

"ಓದಾಕ ಬಂದಿದ್ರ ಹೇಳ್ತಿದ್ದೆರೀ."

"ಆತು. ಮೊದಲ ಬೋರ್ಡ್ ಹಾಕಿ ಬಾ, ನಾಳೆ ನೋಡೂಣು."

"ಮೊದಲ ಹೆಸರು ಬರಕೋರೀ."

ರಾಯರು ರಿಜಿಸ್ಟರ್ ತೆಗೆದು, ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಏನೋ ಬರೆದರು. ಮಾಪಣ್ಣ ಬಗ್ಗಿ ನೋಡಿದ. ಊರವರ ಹೆಸರೆಲ್ಲ ಬರೆದಿದ್ದವನು ತನ್ನ ಹೆಸರನ್ನು ನೋಡಿದ್ದು ಅದೇ ಮೊದಲು.

"ಇದು ನಾನೇನ್ರೀ?"

"ಹೂಂ, ನೀನ."

"ಹಂಗಾದ್ರ ಇಷ್ಟು ಸಣ್ಣ ಯಾಕ್ರೀ? ದೊಡ್ಡದಾಗಿ ಬರೀರಿ."