ಗಂಟೆಯೊಳಗಿನ ನೀಲಿ

ಒಣಗಿದ ಬಟ್ಟೆಗಳನ್ನು ಮಡಚುತ್ತ, ಒಂಟಿ ಕಾಲುಚೀಲವೊಂದಕ್ಕೆ ಜೊತೆ ಹುಡುಕುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು.

"ಮೇಡಂ, ಒಂದೇ ನಿಮಿಷದ ಕೆಲಸ," ಎಂದ ಆಫೀಸಿನ ಮ್ಯಾನೇಜರ್. "ಆ್ಯಪ್‌ನಲ್ಲಿರೋ ಗಂಟೆ ಚಿತ್ರ ಕೆಂಪಾಗ್ಬೇಕು. ನಮ್ಮೋರು ಬಣ್ಣ ಬದಲಾಯಿಸಿದ್ರೆ ಬಟನ್‌ನ ಅಕ್ಷರ ಕೆಂಪಾಗತ್ತೆ, ಒಳಗಿನ ಗಂಟೆ ಮಾತ್ರ ನೀಲಿನೇ!"

ಫೋನು ಇಟ್ಟೊಡನೆ ಕಿಟಕಿ ಬಳಿ ಕೂತಿದ್ದ ಅತ್ತೆ ಕೇಳಿದರು, "ಇವತ್ತು ಯಾರಿಗೆ ಜ್ವರ?"

"ಗಂಟೆಗೆ, ಅತ್ತೆ."

"ಮೊನ್ನೆ ಬೀಗಕ್ಕೆ ಬಂದಿತ್ತು. ಎಲ್ಲಕ್ಕೂ ನೀನೊಬ್ಬಳೇ ಡಾಕ್ಟರು ನೋಡು."

ಅವಳಿಗೆ ನಗು ಬರಲಿಲ್ಲ. ಆರು ವರ್ಷದ ಹಿಂದೆ ಆಫೀಸಿನ ವೆಬ್ ಆ್ಯಪ್‌ಗೆಂದು ಗಂಟೆ, ಬೀಗ, ಲಕೋಟೆ ಅಂತ ಇನ್ನೂರು ಚಿಲ್ಲರೆ ಚಿತ್ರ ಬರೆದವಳು ಅವಳೇ. ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯದ ವೆಕ್ಟರ್ ಚಿತ್ರಗಳು. ಒಂದೊಂದನ್ನೂ ಕಾಂಪೊನೆಂಟ್ ಮಾಡಿಟ್ಟಿದ್ದರಿಂದ, ಒಮ್ಮೆ ಬರೆದದ್ದನ್ನು ಯಾವ ಪುಟಕ್ಕೆ ಬೇಕಾದರೂ ಹೆಸರು ಹಿಡಿದು ಕರೆಯಬಹುದಿತ್ತು. ಆದರೆ ತನ್ನ ಮೆಚ್ಚಿನ ನೀಲಿಯನ್ನು ಯಾರೂ ಕೆಡಿಸಬಾರದೆಂದು ಅದನ್ನು ಪ್ರತಿ ಚಿತ್ರದೊಳಗೇ ಬರೆದುಬಿಟ್ಟಿದ್ದಳು. ಆ ಜಂಬವೇ ಈಗ ಕೊರಳಿಗೆ ಸುತ್ತಿಕೊಂಡಿತ್ತು. ಯಾವ ಬಣ್ಣ ಬದಲಾಗಬೇಕೆಂದರೂ ಅವಳೇ ಬೇಕು. ರಜೆಯಲ್ಲೂ, ಹಾಸಿಗೆ ಹಿಡಿದಾಗಲೂ.

ಮಕ್ಕಳಿಗೆ ಚಿತ್ರ ಕಲಿಸಲು ಬನ್ನಿ ಎಂದು ಶಾಲೆಯೊಂದು ಕರೆದು ಎಂಟು ತಿಂಗಳಾಗಿತ್ತು. ರಾಜೀನಾಮೆ ಪತ್ರ ಅಂದೇ ಬರೆದಿಟ್ಟಿದ್ದಳು. ಇದೊಂದು ಮುಗಿಯಲಿ, ಅದೊಂದು ಮುಗಿಯಲಿ ಎನ್ನುತ್ತ ಅದು ಹಾಗೇ ಉಳಿದಿತ್ತು.

ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದಳು. ಗಂಟೆಯೊಳಗೆ ಕೆಂಪು ಬರೆಯಹೋದ ಬೆರಳು ನಿಂತಿತು. ನೀಲಿಯನ್ನು ಅಳಿಸಿ, ಇಟ್ಟ ಜಾಗದ ಅಕ್ಷರಕ್ಕಿರುವ ಬಣ್ಣವನ್ನೇ ತಗೋ ಎಂದು ಬರೆದಳು. ಆಮೇಲೆ ಬೀಗಕ್ಕೆ. ಆಮೇಲೆ ಲಕೋಟೆಗೆ. ಬಿಸಿಲು ಕಿಟಕಿಯಿಂದ ಅತ್ತೆಯ ಮಡಿಲಿಗೆ ಬರುವಷ್ಟರಲ್ಲಿ ಇನ್ನೂರು ಚಿಲ್ಲರೆ ಚಿತ್ರಗಳೂ ಮುಗಿದವು. ಎಲ್ಲವನ್ನೂ ಆ್ಯಪ್‌ಗೆ ಏರಿಸಿ ಮ್ಯಾನೇಜರ್‌ಗೆ ಫೋನು ಮಾಡಿದಳು.

"ಕೆಂಪಾಯ್ತು ಮೇಡಂ! ಮುಂದಿನ ವಾರ ಹಸಿರು ಬೇಕಾಗಬಹುದು, ಆಗ ಮತ್ತೆ ನಿಮಗೇ..."

"ಬೇಡ. ನಿಮ್ಮೋರು ಬಟನ್‌ಗೆ ಬಣ್ಣ ಹಚ್ಚಿದ್ರೆ ಸಾಕು. ಗಂಟೆ ತಾನೇ ತಗೊಳತ್ತೆ."

"ಮತ್ತೆ ನೀವು?"

ಅವಳು ಫೋನು ಇಟ್ಟಳು. ಅದೇ ಆ್ಯಪ್‌ನ ಪತ್ರಗಳ ಪುಟದಲ್ಲಿ ರಾಜೀನಾಮೆಯ ಎಂಟು ತಿಂಗಳ ಹಳೆಯ ತಾರೀಖು ತಿದ್ದಿ, ಲಕೋಟೆಯ ಚಿತ್ರವಿದ್ದ 'ಕಳಿಸು' ಬಟನ್ ಒತ್ತಿದಳು.

"ಕಾಲುಚೀಲ ಇಲ್ಲಿದೆ ಕಣೇ, ನನ್ನ ಕುರ್ಚಿ ಕೆಳಗೆ," ಎಂದರು ಅತ್ತೆ.

ಕೆಲಸ ಮುಗಿದ ಬಟನ್‌ನ ಅಕ್ಷರ ಬೂದು ಬಣ್ಣಕ್ಕೆ ತಿರುಗಿತು. ಒಳಗಿನ ಲಕೋಟೆಯೂ, ಇಷ್ಟು ವರ್ಷದಲ್ಲಿ ಮೊದಲ ಸಲ, ಅದರ ಜೊತೆಗೇ ಬೂದಾಯಿತು.