ಬಾಯಿಮಾತಿನ ದೂರು

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಹದಿನೆಂಟು ವರ್ಷ ಕುರ್ಚಿ ಸವೆಸಿದ ಗುಮಾಸ್ತನಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು: ಬಾಯಲ್ಲಿ ಹೇಳಿದ್ದು ದೂರೇ ಅಲ್ಲ. ನಲ್ಲಿಯಲ್ಲಿ ಹುಳ ಬರುತ್ತಿದೆ ಎಂದು ಬಾಟಲಿ ಹಿಡಿದು ಓಡಿ ಬಂದವರನ್ನೂ ಅವನು, "ಬರೆದು ಕೊಡಿ," ಎಂದು ಸಾಗಹಾಕಿದವನೇ.

ಹೀಗಿರುವಾಗ ಅವನ ಮಗಳಿಗೇ ಶಾಲೆಯಲ್ಲಿ ಅನ್ಯಾಯವಾಯಿತು. ಎರಡನೇ ತರಗತಿಯ ಹುಡುಗಿ. ಪಾಠದ ನಡುವೆ ಟಾಯ್ಲೆಟ್‌ಗೆ ಹೋಗಬೇಕೆಂದು ಕೇಳಿದಳು, ಟೀಚರ್ ಬಿಡಲಿಲ್ಲ. ಆಮೇಲೆ ಆಗಬಾರದ್ದು ಆಯಿತು. ಇಡೀ ತರಗತಿಯ ಎದುರು ನೆಲ ಒರೆಸಿದ್ದೂ ಅವಳೇ. ಅಂದಿನಿಂದ ಬೆಳಿಗ್ಗೆ ಒಂದು ಗುಟುಕು ನೀರೂ ಕುಡಿಯದೆ ಶಾಲೆಗೆ ಹೋಗತೊಡಗಿದಳು.

"ನಾಳೆನೇ ಹೋಗಿ ಮಾತಾಡ್ಕೊಂಡು ಬನ್ನಿ," ಎಂದಳು ಹೆಂಡತಿ.

"ಮಾತಾಡಿದ್ದು ಗಾಳಿಗೆ ಹೋಗುತ್ತೆ ಕಣೆ. ಇದಕ್ಕೊಂದು ಕ್ರಮ ಇದೆ."

ಅವನ ಹೊಟ್ಟೆ ಉರಿಯುತ್ತಿದ್ದುದು ನಿಜ. ಆದರೆ ಹೊಟ್ಟೆಯುರಿಗೂ ಅವನ ಬಳಿ ಒಂದು ನಮೂನೆಯಿತ್ತು. ವಿಷಯ, ಉಲ್ಲೇಖ, ದಿನಾಂಕ, ಲಗತ್ತುಗಳು, ಒಟ್ಟು ಮೂರು ಪುಟ. ಮುಖ್ಯೋಪಾಧ್ಯಾಯಿನಿ ಓದಿ ಮೆಚ್ಚಿದರು. "ಇಷ್ಟು ಅಚ್ಚುಕಟ್ಟಾದ ದೂರು ನಮ್ಮ ಶಾಲೆಗೆ ಬಂದೇ ಇರ್ಲಿಲ್ಲ," ಎಂದು ಮೊಹರು ಒತ್ತಿ, ಸಂಖ್ಯೆ ಹಾಕಿ ಕೊಟ್ಟರು. ಗುಮಾಸ್ತ ಅರ್ಧ ಗೆದ್ದೆ ಎಂದುಕೊಂಡು ಮನೆಗೆ ಬಂದ.

ಹತ್ತು ದಿನಕ್ಕೆ ಉತ್ತರ ಬಂತು. "ಸಂಬಂಧಪಟ್ಟ ಶಿಕ್ಷಕಿಯಿಂದ ವಿವರಣೆ ಪಡೆಯಲಾಗಿದೆ. ಅನುಮತಿ ನಿರಾಕರಿಸಿಲ್ಲವೆಂದು ತಿಳಿಸಿರುತ್ತಾರೆ. ದೂರನ್ನು ಮುಕ್ತಾಯಗೊಳಿಸಲಾಗಿದೆ." ಓದುತ್ತಿದ್ದಂತೆ ಅವನಿಗೆ ಗುರುತು ಹತ್ತಿತು. ಹದಿನೆಂಟು ವರ್ಷ ಊರವರಿಗೆಲ್ಲ ತಾನು ಕಳಿಸಿದ ವಾಕ್ಯಗಳೇ ಅವು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ ಇರಬೇಕು.

ಆದರೂ ಬುದ್ಧಿ ಬಂತೇ? ಮೇಲ್ಮನವಿ ಬರೆಯಲು ಹೊಸ ಹಾಳೆ ತೆಗೆದ. ಮಗಳು ಮೇಜಿನ ಪಕ್ಕ ಬಂದು ನಿಂತಳು. ತುಟಿ ಒಣಗಿತ್ತು.

"ಅಪ್ಪಾ, ಟೀಚರ್‌ಗೂ ಒಂದು ಬರ್ಕೊಡ್ತೀಯಾ? ನಾನು ಟಾಯ್ಲೆಟ್‌ಗೆ ಹೋಗ್ಬೇಕು ಅಂತ. ನೀನು ಬರೆದ್ರೆ ಬಿಡ್ತಾರೇನೋ."

ಅವನು ಪೆನ್ನು ಕೆಳಗಿಟ್ಟ. ಆ ದಿನ ಏನಾಯಿತೆಂದು ಅವನು ಇವಳನ್ನು ಒಂದು ಸಲವೂ ಕೇಳಿರಲಿಲ್ಲ. ಹೆಂಡತಿ ಹೇಳಿದ್ದನ್ನೇ ಮೂರು ಪುಟ ಮಾಡಿದ್ದ.

ಮರುದಿನ ಅವನು ಶಾಲೆಗೆ ಹೋದಾಗ ಮುಖ್ಯೋಪಾಧ್ಯಾಯಿನಿ ಟೀಚರನ್ನೂ ಕರೆಸಿಕೊಂಡು, ಮೇಲ್ಮನವಿ ತಂದಿರಬೇಕೆಂದು ಕೈ ಚಾಚಿದರು.

"ಏನೂ ಬರೆದು ತಂದಿಲ್ಲ ಮೇಡಂ. ಮಗಳನ್ನ ಕರ್ಕೊಂಡು ಬಂದಿದ್ದೀನಿ. ಇವಳು ಹೇಳ್ತಾಳೆ, ನಾವು ಕೇಳೋಣ."

"ಬಾಯಿಮಾತಿನ ದೂರು ನಾವು ತಗೊಳ್ಳೋ ಹಾಗಿಲ್ವಲ್ಲ."

"ಗೊತ್ತು. ನಾನೂ ಇಷ್ಟು ವರ್ಷ ತಗೊಂಡಿಲ್ಲ," ಎಂದು ಅವನು ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ನಿಂತ.

ಮಗಳು ಅಪ್ಪನ ಬೆರಳು ಹಿಡಿದುಕೊಂಡಳು. "ಮೊದಲು ನಾನು ಕೈ ಎತ್ತಿದೆ," ಎಂದು ಶುರು ಮಾಡಿದಳು. "ಆಗ ಟೀಚರ್ ಫೋನಲ್ಲಿ ಮಾತಾಡ್ತಾ ಇದ್ರು."

ಮುಖ್ಯೋಪಾಧ್ಯಾಯಿನಿ ಟೀಚರ್ ಕಡೆ ತಿರುಗಿ ನೋಡಿದರು.